ನಮ್ಮದು ರಂಗಯ್ಯನದುರ್ಗದ ಕಡೆ. ಕಾಡಿನ ಬೆಂಕಿ ಆರಿಸುವಾಗ ಎರಡು ತಂಡಗಳ ವಾಕಿಟಾಕಿ ಹೊಂದುತ್ತಿಲ್ಲ. ಎಲ್ಲರಿಗೂ ಒಂದೇ ಕಂಪನಿಯ ಸೆಟ್ ಕೊಂಡರೆ ಸರಿಹೋಗುತ್ತಾ?

ಹೋಗಲ್ಲ. ನಮ್ಮ ಎರಡೂ ತಂಡದ ಕೈಯಲ್ಲಿ ಇದ್ದದ್ದು ಒಂದೇ ಕಂಪನಿಯ ಸೆಟ್, ಒಂದೇ ಫ್ರೀಕ್ವೆನ್ಸಿ.

ನಿಮ್ಮದು ರಂಗಯ್ಯನದುರ್ಗದ ಕಡೆ ಅಂದಿದ್ದೀರಿ. ನನ್ನದು ಚಿತ್ರದುರ್ಗ. ಜೋಗಿಮಟ್ಟಿ ಕಡೆ ಬೆಂಕಿ ಬಿದ್ದಾಗಲೆಲ್ಲ ಹುಡುಗರನ್ನು ಕಟ್ಟಿಕೊಂಡು ಹೋಗುತ್ತಿದ್ದೆ. ಅವತ್ತು ಮಾರ್ಚ್ ಬಿಸಿಲು, ಎದೆಯುದ್ದ ಒಣಗಿದ ಬಾದೆ ಹುಲ್ಲು. ನಾವು ಮೇಲೆ ಹಸಿ ಸೊಪ್ಪಿನಲ್ಲಿ ಬಡಿಯುತ್ತಿದ್ದೆವು. ಇನ್ನೊಂದು ತಂಡ ಕೆಳಗೆ ರಸ್ತೆಯಲ್ಲಿತ್ತು. ನಾವು ಪಕ್ಕದ ಬಂಡೆ ದಾಟಿದ ಮೇಲೆ ಅವರು ಕೆಳಗಿನಿಂದ ಎದುರು ಬೆಂಕಿ, ಅಂದರೆ ಬರುವ ಬೆಂಕಿಗೆ ಹುಲ್ಲು ಸಿಗದ ಹಾಗೆ ಮೊದಲೇ ಸುಡುವ ಬೆಂಕಿ, ಹಚ್ಚಬೇಕು ಅಂತ ಮಾತಾಗಿತ್ತು.

ಬೆಳಿಗ್ಗೆ ಸೆಟ್ ನೋಡಿದ್ದು ನಾನೇ. ಅವರು ಕರೆದರು, ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು. "ಓಕೆ" ಅಂದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನ್ನ ಓಕೆ ಅವರಿಗೆ ಕೇಳಿಸಿತಾ ಅಂತ ಕೇಳಲೇ ಇಲ್ಲ.

ಇದನ್ನ ಬಿಡಿಸಿ ಹೇಳ್ತೀನಿ. ಸೆಟ್‌ನಲ್ಲಿ ಟೋನ್ ಅಂತ ಒಂದಿರುತ್ತೆ. ಮಾತಿನ ಅಡಿಯಲ್ಲೇ ಹೋಗುವ ಸಣ್ಣ ಗುಂಯ್ ಸದ್ದು, ನಮ್ಮ ಕಿವಿಗೆ ಬೀಳಲ್ಲ. ಟೋನ್ ಹಾಕಿದ ಸೆಟ್, ಬರುವ ಮಾತಿನ ಜೊತೆ ಅದೇ ಸದ್ದು ಇದ್ದರೆ ಮಾತ್ರ ಸ್ಪೀಕರ್ ತೆರೆಯುತ್ತೆ. ಇಲ್ಲದಿದ್ದರೆ ಸುಮ್ನೆ ಇರುತ್ತೆ. ಅವರ ಸೆಟ್‌ಗೆ ಟೋನ್ ಇತ್ತು, ನಮ್ಮದಕ್ಕೆ ಇರಲಿಲ್ಲ. ಹಾಗಾಗಿ ಅವರ ಮಾತೆಲ್ಲ ನಮಗೆ ಬರುತ್ತಿತ್ತು. ನಮ್ಮದು ಒಂದಕ್ಷರವೂ ಅವರಿಗೆ ಹೋಗುತ್ತಿರಲಿಲ್ಲ. ಪೂರ್ತಿ ಕೆಟ್ಟಿದ್ದರೆ ಗೊತ್ತಾಗಿಬಿಡುತ್ತಿತ್ತು, ಅಲ್ವಾ? ಅರ್ಧ ಕೇಳಿಸಿದ್ದಕ್ಕೇ ಮೋಸಹೋದೆ.

ಮಧ್ಯಾಹ್ನ "ಹಚ್ತಾ ಇದೀವಿ" ಅಂದರು. ನಾವಿನ್ನೂ ಬಂಡೆ ದಾಟಿರಲಿಲ್ಲ. ಬೇಡ, ಬೇಡ ಅಂತ ಸೆಟ್‌ಗೆ ಕೂಗಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಓಡುತ್ತೆ. ಹುಡುಗರನ್ನೆಲ್ಲ ಬಂಡೆ ಮೇಲೆ ತಳ್ಳಿ ಹಿಂದೆ ಉಳಿದ ಕಾಡು ಕಾಯುವ ವಾಚರ್ ಅಣ್ಣನ ಎರಡೂ ಕೈ ಸುಟ್ಟವು. ಅವರು ಇವತ್ತಿಗೂ ಕುಡುಗೋಲು ಬಿಗಿಯಾಗಿ ಹಿಡಿಯಲಾರರು.

ಅದಕ್ಕೇ ಕಂಪನಿ ಹೆಸರು ನೋಡಬೇಡಿ ಅಂತೀನಿ. 136ರಿಂದ 174 ಮೆಗಾಹರ್ಟ್ಜ್‌ನ ವಿಎಚ್‌ಎಫ್ ಸೆಟ್, 400ರ ಮೇಲಿನ ಯುಎಚ್‌ಎಫ್ ಸೆಟ್ಟಿನ ಜೊತೆ ಮಾತಾಡಲ್ಲ. ಡಿಜಿಟಲ್ ಮಾತು ಹಳೆಯ ಅನಲಾಗ್ ಸೆಟ್‌ನಲ್ಲಿ ಬರೀ ಗರಗರ. ಅಮೆರಿಕದಲ್ಲಿ ಬೇರೆ ಬೇರೆ ಅಗ್ನಿಶಾಮಕ ತಂಡಗಳು ಸೇರಿದಾಗ ಮಾತಾಡಲಿ ಅಂತಲೇ 154.280 ಮೆಗಾಹರ್ಟ್ಜ್ ಚಾನೆಲ್ ಇಟ್ಟಿದ್ದಾರೆ. ಅದರ ಪಕ್ಕ 156.7 ಹರ್ಟ್ಜ್ ಅಂತ ಟೋನನ್ನೂ ಬರೆದಿದ್ದಾರೆ. ಅದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹೊಸ ಸೆಟ್ ಬೇಡ. ಅವರ ಒಬ್ಬರನ್ನು ಅವರದೇ ಸೆಟ್ ಸಮೇತ ನಿಮ್ಮ ಜೊತೆ ಕರೆದುಕೊಳ್ಳಿ, ನಿಮ್ಮ ಒಬ್ಬರನ್ನು ಅಲ್ಲಿಗೆ ಕಳಿಸಿ. ಫ್ರೀಕ್ವೆನ್ಸಿಗೆ ಅನುಮತಿ ಬೇಕು, ನೀವೇ ಬದಲಾಯಿಸಬೇಡಿ, ಇಲಾಖೆಯ ವೈರ್‌ಲೆಸ್‌ನವರಿಂದಲೇ ಮಾಡಿಸಿ. ಆಮೇಲೆ ಜನವರಿಯಲ್ಲೇ ಎರಡೂ ತಂಡ ಗುಡ್ಡ ಹತ್ತಿ. ನೀವು ಒಂದು ಸಂಖ್ಯೆ ಹೇಳಿ, ಅವರು ಅದನ್ನೇ ತಿರುಗಿ ಹೇಳಲಿ. ಆಮೇಲೆ ಅವರು ಹೇಳಲಿ, ನೀವು ತಿರುಗಿ ಹೇಳಿ. ಒಂದೊಂದು ಸೆಟ್ಟಿನಲ್ಲೂ.