ಬಣ್ಣ ಬಳಿಯುವ ಮುನ್ನ ಭಾಗಿಸಿ

ಪ್ರಶ್ನೆ: 2011ರ ಜನಗಣತಿಯ ಅಂಕಿಗಳಿಂದ, ನಕ್ಷೆ ಮಾಡುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಕರ್ನಾಟಕದ ಜಿಲ್ಲಾವಾರು ಜನಸಂಖ್ಯೆಯ ನಕ್ಷೆ ಮಾಡಿದೆ. ಬೆಂಗಳೂರು ಕಡುಗೆಂಪು, ನಂತರ ಬೆಳಗಾವಿ. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣ. ವಿಜಯನಗರ ಖಾಲಿ. ಎಲ್ಲಿ ತಪ್ಪಿದೆ?

ಉತ್ತರ: ಖಾಲಿ ಜಾಗದಿಂದಲೇ ಶುರುಮಾಡೋಣ. ವಿಜಯನಗರ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ. ಜನಗಣತಿಯ ಪಟ್ಟಿಯಲ್ಲಿ 30 ಜಿಲ್ಲೆ, ನಿಮ್ಮ ಗಡಿ ಫೈಲಿನಲ್ಲಿ 31. ವಿಜಯನಗರದ ಖಾಲಿ ಕಣ್ಣಿಗೆ ಬೀಳುತ್ತದೆ, ಸರಿ, ಬಳ್ಳಾರಿಯ ತಪ್ಪು ಬೀಳುವುದಿಲ್ಲ. ಇಡೀ ಹಳೆಯ ಜಿಲ್ಲೆಯ ಜನಸಂಖ್ಯೆ ಈಗಿನ ಚಿಕ್ಕ ಬಳ್ಳಾರಿಯ ಮೇಲೆ ಕೂತಿದೆ. 2011ರ ಗಡಿಗಳನ್ನೇ ಬಳಸಿ. ಎರಡನ್ನೂ ‘ಡಿಸಾಲ್ವ್’ ಮಾಡಿ ಒಂದಾಗಿಸಿದರೆ ಸಾಲದು: ಈಗ ವಿಜಯನಗರದಲ್ಲಿರುವ ಹರಪನಹಳ್ಳಿ ತಾಲ್ಲೂಕು 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಅಂಕಿಗಳ ಪಟ್ಟಿಯನ್ನು ಗಡಿ ಫೈಲಿಗೆ ಜೋಡಿಸುವಾಗ (ಜಾಯಿನ್) ಹೆಸರು ನಂಬಬೇಡಿ, ಜನಗಣತಿಯ ಜಿಲ್ಲಾ ಕೋಡ್ ಬಳಸಿ: ಒಂದು ಕಡೆ ಬೆಳಗಾಂ, ಇನ್ನೊಂದು ಕಡೆ ಬೆಳಗಾವಿ ಇದ್ದರೆ ಸಾಲು ಕೂಡಿಕೊಳ್ಳುವುದಿಲ್ಲ.

ಇನ್ನು ಬಣ್ಣ. ಬೆಳಗಾವಿಯಲ್ಲಿ ಸುಮಾರು 47.8 ಲಕ್ಷ ಜನ, ದಕ್ಷಿಣ ಕನ್ನಡದಲ್ಲಿ 20.9 ಲಕ್ಷ. ಆದರೆ ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ದಕ್ಷಿಣ ಕನ್ನಡವೇ ದಟ್ಟ. ಬರಿಯ ಎಣಿಕೆಗೆ ಬಣ್ಣ ಬಳಿದರೆ ದೊಡ್ಡ ಜಿಲ್ಲೆಯ ಬಣ್ಣ ಗಾಢವಾಗುತ್ತದೆ, ಅಷ್ಟೇ. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಎಲಿಪ್ಸಾಯ್ಡ್ (ಭೂಮಿಯ ಆಕಾರದ ಮಾದರಿ) ಡಬ್ಲ್ಯುಜಿಎಸ್ 84, ವಿಸ್ತೀರ್ಣದ ಮಾನ ಚದರ ಕಿಲೋಮೀಟರ್ ಎಂದು ಇಟ್ಟು, ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಜನಸಂಖ್ಯೆಯನ್ನು ಡಾಲರ್ ಚಿಹ್ನೆಯ ‘ಏರಿಯಾ’ದಿಂದ ($area) ಭಾಗಿಸಿ. ಚಿಹ್ನೆಯಿಲ್ಲದ ‘ಏರಿಯಾ’ ಫಂಕ್ಷನ್, ನಿಮ್ಮ ಗಡಿಗಳ ಲೇಯರ್ ಅಕ್ಷಾಂಶ-ರೇಖಾಂಶದಲ್ಲಿದ್ದರೆ, ಚದರ ಡಿಗ್ರಿ ಕೊಡುತ್ತದೆ. ಆ ಅಂಕಿ ಯಾವ ಕೆಲಸಕ್ಕೂ ಬಾರದು.

ಭಾಗಿಸಿದ ಮೇಲೂ ‘ಈಕ್ವಲ್ ಇಂಟರ್ವಲ್’ (ಸಮ ಅಂತರದ ವರ್ಗಗಳು) ಬೇಡ. ಚದರ ಕಿಲೋಮೀಟರಿಗೆ ಕೊಡಗಿನಲ್ಲಿ 135 ಜನ, ಬೆಂಗಳೂರು ನಗರದಲ್ಲಿ ಸುಮಾರು 4,380. ಐದು ಸಮಭಾಗ ಮಾಡಿದರೆ ಮೊದಲ ವರ್ಗವೇ 980ರ ಆಸುಪಾಸಿಗೆ ಹೋಗುತ್ತದೆ, ಬೆಂಗಳೂರು ಬಿಟ್ಟು ಉಳಿದ 29 ಜಿಲ್ಲೆಗಳೂ ಅದರಲ್ಲೇ ಬೀಳುತ್ತವೆ. ಗಡಿಗಳನ್ನು ಕೈಯಾರೆ 200, 300, 400, 500 ಎಂದು ಕೊಡಿ, ಬೆಂಗಳೂರು ನಗರಕ್ಕೆ ಪ್ರತ್ಯೇಕ ವರ್ಗವಿರಲಿ. ಒಂದೇ ಬಣ್ಣದ ತಿಳಿಯಿಂದ ಗಾಢದವರೆಗಿನ ಛಾಯೆಗಳು ಸಾಕು. ಕಾಮನಬಿಲ್ಲಿನಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಓದುಗರಿಗೆ ತಿಳಿಯದು.

ಪ್ರಶ್ನೆ: ಕನ್ನಡದ ಹೆಸರುಗಳು ಶೇಪ್‌ಫೈಲ್ (ನಕ್ಷೆಯ ದತ್ತಾಂಶದ ಒಂದು ಫೈಲ್ ಮಾದರಿ) ಆಗಿ ಉಳಿಸಿದ ಮೇಲೆ ‘ಚಿಕ್ಕಬ’, ‘ಉತ್ತರ ಕ’ ಎಂದು ತುಂಡಾಗಿವೆ. ಕಾಲಮಿನ ಅಗಲ 20 ಕೊಟ್ಟಿದ್ದೆ.

ಉತ್ತರ: ಆ 20 ಅಕ್ಷರಗಳಲ್ಲ, ಬೈಟ್‌ಗಳು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಗುಣಿತಾಕ್ಷರದ ಸ್ವರಚಿಹ್ನೆ, ಒತ್ತಕ್ಷರದ ಹಲಂತ ಚಿಹ್ನೆಗಳೂ (್) ಬೇರೆ ಬೇರೆ ಸಂಕೇತಗಳೇ. ‘ಚಿಕ್ಕಬಳ್ಳಾಪುರ’ಕ್ಕೆ 13 ಸಂಕೇತ, ಅಂದರೆ 39 ಬೈಟ್. ಆರನೆಯ ಸಂಕೇತಕ್ಕೆ 18 ಆಯಿತು, ಏಳನೆಯದಕ್ಕೆ ಜಾಗವಿಲ್ಲ. ಕಾಲಮಿನ ಹೆಸರಿಗೂ ಶೇಪ್‌ಫೈಲಿನಲ್ಲಿ 10 ಬೈಟ್ ಮಾತ್ರ. ಮೂಲ ಫೈಲಿನಿಂದ ಮತ್ತೆ, ಈ ಮಿತಿಗಳಿಲ್ಲದ ಜಿಯೋಪ್ಯಾಕೇಜ್ ಎಂಬ ಫೈಲ್ ಮಾದರಿಗೆ ಉಳಿಸಿ. ತುಂಡಾದ ಫೈಲಿನಿಂದ ಹೆಸರು ವಾಪಸ್ ಬರುವುದಿಲ್ಲ. ಪಿಡಿಎಫ್ ತೆಗೆಯುವಾಗ ಅಕ್ಷರಗಳನ್ನು ‘ಪಾತ್’ (ರೇಖಾಚಿತ್ರ) ಆಗಿ ಕಳಿಸುವ ಆಯ್ಕೆ ಇರಲಿ, ಒತ್ತಕ್ಷರಗಳು ಪ್ರೆಸ್ಸಿನ ಕಂಪ್ಯೂಟರಿನಲ್ಲೂ ಒಡೆಯುವುದಿಲ್ಲ.