ಎಕ್ಸೆಲ್ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ತಿಕೋಟಾ ಕಡೆ ಒಣದ್ರಾಕ್ಷಿ ಖರೀದಿ ಮಾಡ್ತೀರಿ, ಲೆಕ್ಕವೆಲ್ಲ ವಹಿಯಲ್ಲಿದೆ, ಈಗ ಎಕ್ಸೆಲ್ ಕಲಿಯಬೇಕು ಅಂತ ಕೇಳಿದ್ದೀರಿ. ಆ ವಹಿಯ ಒಂದು ಪುಟವನ್ನೇ ತೆಗೆದುಕೊಂಡು ಕೂತುಬಿಡಿ. ನಿಮ್ಮದೇ ಲೆಕ್ಕವಾದರೆ ಉತ್ತರ ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತದೆ.

ಮೊದಲ ಸಾಲಿನಲ್ಲಿ ತಲೆಬರಹ ಹಾಕಿ: ತಾರೀಖು, ರೈತರ ಹೆಸರು, ಕೆಜಿ, ದರ, ಮೊತ್ತ. ಕೆಳಗೆ ಒಂದು ಖರೀದಿಗೆ ಒಂದೇ ಸಾಲು. ಕೆಜಿ 150, ದರ 210 ಅಂದುಕೊಳ್ಳಿ. ಮೊತ್ತದ ಖಾನೆಯಲ್ಲಿ = ಒತ್ತಿ, ಕೆಜಿ ಖಾನೆ ಕ್ಲಿಕ್ ಮಾಡಿ, * ಒತ್ತಿ, ದರದ ಖಾನೆ ಕ್ಲಿಕ್ ಮಾಡಿ, ಎಂಟರ್ ಹೊಡೆಯಿರಿ. 31,500 ಬರುತ್ತದೆ. ದರ 215 ಮಾಡಿ ನೋಡಿ, ಮೊತ್ತ ತಾನಾಗಿಯೇ 32,250 ಆಗುತ್ತದೆ. ಇದು ಅರ್ಥವಾದರೆ ಅರ್ಧ ಎಕ್ಸೆಲ್ ಬಂದ ಹಾಗೆಯೇ. ಆ ಖಾನೆಯ ಕೆಳಗಿನ ಬಲ ಮೂಲೆಯಲ್ಲಿರುವ ಪುಟ್ಟ ಚೌಕವನ್ನು ಕೆಳಗೆ ಎಳೆದರೆ ಉಳಿದ ಸಾಲುಗಳಿಗೂ ಅದೇ ಲೆಕ್ಕ ಹೋಗುತ್ತದೆ. ಒಟ್ಟು ಮೊತ್ತಕ್ಕೆ ಆಟೋಸಮ್ ಬಟನ್ ಸಾಕು.

ಜಾಸ್ತಿ ಜನ ಎಡವುವುದು ಇಲ್ಲಿ: ಖಾನೆಯೊಳಗೆ "150 ಕೆಜಿ" ಅಂತ ಬರೆಯುತ್ತಾರೆ. ಆಗ ಅದು ಅಂಕಿಯಲ್ಲ, ಬರೀ ಅಕ್ಷರ. ಗುಣಾಕಾರ ನಡೆಯುವುದಿಲ್ಲ. ಕೆಜಿ, ರೂಪಾಯಿ ಎಲ್ಲ ತಲೆಬರಹದಲ್ಲಿರಲಿ, ಕೆಳಗೆ ಬರೀ ಅಂಕಿ.

ಹೆಸರನ್ನೂ ಪ್ರತಿ ಸಲ ಒಂದೇ ರೀತಿ ಬರೆಯಿರಿ. ಒಮ್ಮೆ ಬಸವರಾಜ, ಇನ್ನೊಮ್ಮೆ ಬಸು ಅಂದರೆ ಫಿಲ್ಟರ್ (ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಸೌಲಭ್ಯ) ಹಾಕಿದಾಗ ಇಬ್ಬರು ಬೇರೆ ರೈತರಂತೆ ಕಾಣುತ್ತಾರೆ. ಎಕ್ಸೆಲ್ ಇಲ್ಲದಿದ್ದರೆ ಗೂಗಲ್ ಶೀಟ್ಸ್ ಉಚಿತ, ಮೊಬೈಲ್‌ನಲ್ಲೂ ನಡೆಯುತ್ತದೆ.