‘ನಮ್ಮ ಸಂಸ್ಥೆಯಲ್ಲಿ ಜೀತ ಎಲ್ಲಿಂದ ಬಂತು?’

ಪ್ರಶ್ನೆ: ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನಲ್ಲಿ ನಮ್ಮದೊಂದು ಶಿಕ್ಷಣ ಸಂಸ್ಥೆ. ಕನ್ನಡ ಮಾಧ್ಯಮದ ಪ್ರೌಢಶಾಲೆ, ಪದವಿ ಕಾಲೇಜು, ವಸತಿ ನಿಲಯ ಇವೆ. ಪ್ರಯೋಗಾಲಯಕ್ಕೆ ನೆರವು ಕೊಡಲು ಮುಂದೆ ಬಂದಿರುವ ಬ್ರಿಟನ್ನಿನ ದತ್ತಿ ಸಂಸ್ಥೆಯೊಂದು, ನಮ್ಮ ಕೆಲಸದಲ್ಲಾಗಲಿ ನಾವು ಕೊಳ್ಳುವ ಸರಕಿನಲ್ಲಾಗಲಿ ಆಧುನಿಕ ಗುಲಾಮಗಿರಿ ಇಲ್ಲವೆಂದು ಬರೆದುಕೊಡಲು ಕೇಳಿದೆ. ‘ಸಹಿ ಹಾಕಿ ಕಳಿಸಿಬಿಡಿ’ ಎನ್ನುತ್ತಾರೆ ಅಧ್ಯಕ್ಷರು. ಹೊಸ ಕಟ್ಟಡದ ಕೆಲಸ ನಡೆದಿದೆ. ಸ್ವಚ್ಛತೆ ಮತ್ತು ಕಾವಲು ಗುತ್ತಿಗೆಗೆ ಕೊಟ್ಟಿದ್ದೇವೆ. ಸಮವಸ್ತ್ರ ಸೊಲ್ಲಾಪುರದಿಂದ ತರಿಸುತ್ತೇವೆ. ಏನು ಮಾಡಲಿ?
– ಕಾರ್ಯದರ್ಶಿ

ಉತ್ತರ: ಈಗಲೇ ಸಹಿ ಹಾಕಬೇಡಿ ಸರ್. ನೋಡದೆ ‘ಇಲ್ಲ’ ಎಂದು ಬರೆದುಕೊಟ್ಟರೆ ನಾಳೆ ಅದೇ ಕಾಗದ ನಿಮ್ಮ ಕುತ್ತಿಗೆಗೆ ಬರುತ್ತದೆ.

ಬ್ರಿಟನ್ನಿನಲ್ಲಿ 2015ರಲ್ಲಿ ಒಂದು ಕಾಯ್ದೆ ಬಂತು. 3.6 ಕೋಟಿ ಪೌಂಡಿಗೆ ಕಡಿಮೆಯಿಲ್ಲದ ವಹಿವಾಟಿನ ಸಂಸ್ಥೆಗಳು, ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಆಸ್ಟ್ರೇಲಿಯಾದಲ್ಲಿ 2018ರಿಂದ ಅಂಥದೇ ಕಾಯ್ದೆಯಿದೆ. ಎರಡೂ ದೇಶಗಳ ವಿಶ್ವವಿದ್ಯಾಲಯಗಳೂ ದತ್ತಿಗಳೂ ಈ ಪ್ರಶ್ನೆಯನ್ನು ತಮ್ಮೊಡನೆ ವ್ಯವಹರಿಸುವವರಿಗೆ ದಾಟಿಸುತ್ತಿವೆ. ಆ ಕಾಯ್ದೆಗಳು ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಕಟ್ಟಿಹಾಕುವುದು ನಮ್ಮವೇ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು, ಬಲವಂತದ ದುಡಿಮೆಯನ್ನು ನಿಷೇಧಿಸಿದೆ. 1976ರಿಂದ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕ್ರೀಡಾಂಗಣಗಳ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ‘ನಮ್ಮಲ್ಲಿ ಯಾರನ್ನೂ ಕಟ್ಟಿಹಾಕಿಲ್ಲವಲ್ಲ’ ಎಂಬ ಸಮಾಧಾನ ಅಲ್ಲಿಗೆ ಮುಗಿಯಿತು.

ಉಚಲ್, ಅಂದರೆ ಕಬ್ಬು ಕಡಿಯುವವರಿಗೆ ಕೊಡುವ ಮುಂಗಡ, ನಿಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಕೂಲಿಯವರನ್ನು ಒದಗಿಸುವ ಮುಕಾದಮ ಗಂಡ-ಹೆಂಡತಿಯನ್ನು ಒಂದೇ ‘ಕೊಯ್ತಾ’ (ಕುಡುಗೋಲು) ಎಂದು ಲೆಕ್ಕ ಹಿಡಿದು ಮುಂಗಡ ಕೊಡುತ್ತಾನೆ. ಕಬ್ಬಿನ ಹಂಗಾಮು ಮುಗಿದರೂ ಲೆಕ್ಕ ಮುಗಿಯುವುದಿಲ್ಲ. ಜ್ವರ ಬಂದು ಮಲಗಿದ ದಿನಕ್ಕೂ ದಂಡ. ಮುಂಗಡ ಕೊಡುವುದೇ ಅಪರಾಧವಲ್ಲ. ಅದು ತೀರುವವರೆಗೆ ಬೇರೆಡೆ ಹೋಗುವಂತಿಲ್ಲ, ಇವನು ಕೊಟ್ಟಷ್ಟೇ ಕೂಲಿ ಎಂದಾದಾಗ ಅದು ಜೀತ. ಆ ಸಾಲವನ್ನು 1976ರ ಕಾಯ್ದೆ ಇಲ್ಲವಾಗಿಸುತ್ತದೆ, ವಸೂಲಿ ಮಾಡಿದವನಿಗೆ ಮೂರು ವರ್ಷದವರೆಗೆ ಸೆರೆ. ಅದು ಜೀತದ ಸಾಲವೆಂದು ಕಾರ್ಮಿಕ ಹೇಳಿದರೆ, ಅಲ್ಲವೆಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು. ಈ ಕೊನೆಯ ಮಾತು ಅನೇಕ ವಕೀಲರಿಗೂ ನೆನಪಿರುವುದಿಲ್ಲ.

ಹಾಗಾಗಿ ನೀವು ಹುಡುಕಬೇಕಾದದ್ದು ಮುಂಗಡದ ಲೆಕ್ಕವನ್ನು. ಕಾಂಪೌಂಡಿನ ಒಳಗಿನಿಂದಲೇ ಹೊರಡಿ.

ಸ್ವಚ್ಛತೆಯ ಗುತ್ತಿಗೆಯ ಕಡತ ತೆಗೆಯಿರಿ. ಎಂಟು ಜನ ಕೆಲಸಗಾರರೆಂದುಕೊಳ್ಳೋಣ. ಎಂಟು ಜನರ ಕನಿಷ್ಠ ಕೂಲಿ, ಮಾಲಿಕರ ಪಾಲಿನ ಪಿ.ಎಫ್., ಇ.ಎಸ್.ಐ. ಕೂಡಿಸಿ. ನೀವು ಒಪ್ಪಿದ ಟೆಂಡರ್ ದರ ಅದಕ್ಕಿಂತ ಕಡಿಮೆಯಿದ್ದರೆ ಆ ಕೊರತೆಯನ್ನು ಗುತ್ತಿಗೆದಾರ ತನ್ನ ಮನೆಯಿಂದ ತುಂಬುತ್ತಿದ್ದಾನೆಯೇ? ‘ಎಲ್ಲಕ್ಕಿಂತ ಕಡಿಮೆ ದರ’ ಎಂದು ಸಭೆಯಲ್ಲಿ ಮೇಜು ತಟ್ಟಿ ಅನುಮೋದಿಸಿದವರು ನೀವೇ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕೆಂಬ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಅದು ಉಳಿದಿದೆ.

ಮಸ್ಟರ್ (ಕೆಲಸಗಾರರ ಹಾಜರಿ ಪುಸ್ತಕ) ನೋಡಿ ತೃಪ್ತರಾಗಬೇಡಿ. ಮಸ್ಟರಿನಲ್ಲಿ ಹೆಬ್ಬೆಟ್ಟಿರುತ್ತದೆ, ಖಾತೆಗೆ ಹಣವೂ ಜಮೆಯಾಗಿರುತ್ತದೆ. ಎಟಿಎಂ ಕಾರ್ಡುಗಳು ಮಾತ್ರ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಮೇಲ್ವಿಚಾರಕನ ಜೇಬಿನಲ್ಲಿರುತ್ತವೆ, ಹಿಂಬದಿಯಲ್ಲಿ ಪಿನ್ ಬರೆದು. ಇದು ಗೊತ್ತಾಗಬೇಕಾದರೆ ಮೇಲ್ವಿಚಾರಕನನ್ನು ದೂರವಿಟ್ಟು, ಅವರ ಭಾಷೆ ಬಲ್ಲ ಒಬ್ಬ ಶಿಕ್ಷಕಿಯಿಂದ ಮಾತನಾಡಿಸಿ. ‘ಕಷ್ಟವಿದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಆಧಾರ್ ಕಾರ್ಡ್ ಯಾರ ಬಳಿ ಇದೆ, ನಾಳೆ ಊರಿಗೆ ಹೋಗಬೇಕೆಂದರೆ ಯಾರನ್ನು ಕೇಳಬೇಕು, ಹೋದರೆ ಬಾಕಿ ಕೂಲಿ ಸಿಗುತ್ತದೆಯೇ, ಇಷ್ಟು ಕೇಳಿದರೆ ಸಾಕು.

ದಾಖಲೆ ಹಿಡಿದಿಟ್ಟುಕೊಳ್ಳುವುದು ಬಲವಂತದ ದುಡಿಮೆಯ ಗುರುತು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪಟ್ಟಿ ಮಾಡಿರುವ ಹನ್ನೊಂದು ಲಕ್ಷಣಗಳಲ್ಲಿ ಒಂದು. ಸಿಟ್ಟಾಗಬೇಡಿ, ನಿಮ್ಮ ಕಚೇರಿಯ ಕಪಾಟಿನಲ್ಲಿ ಅನುದಾನವಿಲ್ಲದ ಹುದ್ದೆಗಳ ಶಿಕ್ಷಕರ ಮೂಲ ಪ್ರಮಾಣಪತ್ರಗಳು ಇಲ್ಲ ತಾನೇ? ಪೂರ್ತಿ ಸಂಬಳಕ್ಕೆ ಸಹಿ ಹಾಕಿಸಿ ಅರ್ಧ ವಾಪಸು ಪಡೆಯುವ ರೂಢಿ ನಿಮ್ಮಲ್ಲಿಲ್ಲ ಎಂದುಕೊಳ್ಳುತ್ತೇನೆ. ಇದ್ದರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ಸರಿಪಡಿಸಿ.

ಇನ್ನು ಕಟ್ಟಡ. ಅಪಾಯ ಹೆಚ್ಚಿರುವುದು ಇಟ್ಟಿಗೆಯಲ್ಲಿ. ಭಟ್ಟಿಯಲ್ಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ಕೂಲಿ. ವಾರವಾರ ಕೈಗೆ ಬರುವುದು ‘ಖರ್ಚಿ’, ಅಂದರೆ ಹೊಟ್ಟೆಪಾಡಿನ ಖರ್ಚು ಮಾತ್ರ, ಪೂರ್ತಿ ಲೆಕ್ಕ ಮಳೆಗಾಲದ ಮೊದಲು. ಸಾವಿರ ಬೇಗ ತುಂಬಲೆಂದು ಮಕ್ಕಳೂ ಹಸಿ ಇಟ್ಟಿಗೆ ಮಗುಚುತ್ತಾರೆ. ಭಟ್ಟಿ ದೂರವೇನಿರುವುದಿಲ್ಲ, ಹೇಳದೆ ಒಮ್ಮೆ ಹೋಗಿ ಬನ್ನಿ. ಇಟ್ಟಿಗೆಯ ಗಟ್ಟಿತನ ನೋಡಲು ಎಂಜಿನಿಯರ್ ಹೋಗುತ್ತಾರಲ್ಲ, ಅವರ ಜೊತೆಗೇ ಹೋಗಬಹುದು. ಹದಿನಾಲ್ಕು ತುಂಬದ ಮಗು ಕೆಲಸ ಮಾಡುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸಮವಸ್ತ್ರದಲ್ಲಿ ತಪ್ಪಿನ ಒಂದು ಪಾಲು ಶಾಲೆಗಳದ್ದೇ. ಮೇ ಕೊನೆಗೆ ಆರ್ಡರ್ ಕೊಟ್ಟು ಜೂನ್ ಮಧ್ಯಕ್ಕೆ ಬಟ್ಟೆ ಬೇಕೆಂದರೆ ಯಾರೋ ರಾತ್ರಿಯಿಡೀ ಹೊಲಿಯಲೇಬೇಕು. ಫೆಬ್ರುವರಿಯಲ್ಲೇ ಅಳತೆ ಕೊಡಿ, ಹಣ ಬಾಕಿ ಉಳಿಸಬೇಡಿ. ಮನೆಮನೆಗೆ ಹೊಲಿಗೆ ಹಂಚುತ್ತಾರೆಯೇ, ಒಂದು ಅಂಗಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಿ. ನೂಲಿನವರೆಗೆ ಹೋಗುವುದು ನಿಮ್ಮಿಂದಾಗದು. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಹೆಸರಿನಲ್ಲಿ, ಮೂರು ವರ್ಷ ದುಡಿದ ಮೇಲೆ ಮದುವೆಗೆ ಇಡುಗಂಟು ಎಂದು ಹುಡುಗಿಯರನ್ನು ವಸತಿಯೊಳಗೇ ಇರಿಸಿಕೊಂಡು ದುಡಿಸಿದ್ದುಂಟು. ನೂಲು ಯಾವ ಗಿರಣಿಯದೆಂದು ಬಟ್ಟೆಯ ವ್ಯಾಪಾರಿಯನ್ನು ಕೇಳಿ, ಉತ್ತರ ಬರದಿದ್ದರೆ ಬರಲಿಲ್ಲವೆಂದೇ ಬರೆದಿಡಿ.

ವಸತಿ ನಿಲಯದ ಸಕ್ಕರೆ ಯಾರು ಕಡಿದ ಕಬ್ಬಿನದು ಎಂದು ತಿಳಿಯುವುದೂ ಆಗದ ಮಾತು. ಆದರೆ ಆ ಕಬ್ಬಿನ ಕಡೆಗೆ ಹೋಗುವ ಮಕ್ಕಳು ನಿಮ್ಮ ಹಾಜರಿ ಪುಸ್ತಕದಲ್ಲೇ ಇರಬಹುದು: ದಸರೆಯ ಮರುವಾರದಿಂದ ಯಾವ ಹೆಸರುಗಳ ಮುಂದೆ ಸಾಲು ಸಾಲು ಗೈರುಹಾಜರಿ ಇದೆ, ನೋಡಿ. ತಂದೆತಾಯಿ ಗಾಡಿ ಹತ್ತುವ ಮೊದಲೇ ಪಟ್ಟಿ ಮಾಡಿ, ಹಂಗಾಮು ಮುಗಿಯುವವರೆಗೆ ಮಕ್ಕಳು ಊರಲ್ಲೇ ಉಳಿಯಲು ನಡೆಸುವ ವಸತಿಗೃಹಕ್ಕಾಗಿ ಗಟ (ಕ್ಷೇತ್ರ) ಶಿಕ್ಷಣಾಧಿಕಾರಿಗಳನ್ನು ಕಾಣಿ.

ಜೀತ ಕಂಡುಬಂದರೆ? ಗುತ್ತಿಗೆದಾರನನ್ನು ಅದೇ ಸಂಜೆ ಓಡಿಸಬೇಡಿ. ಅವನ ಹಿಂದೆ ಕೆಲಸಗಾರರ ಬಾಕಿ ಕೂಲಿಯೂ ತಲೆಯ ಮೇಲಿನ ಸೂರೂ ಹೋಗುತ್ತವೆ. ದಯೆ ಉಕ್ಕಿ ಅವರ ಸಾಲವನ್ನು ನೀವು ತೀರಿಸಲೂಬೇಡಿ. ಕಾನೂನು ಇಲ್ಲವೆಂದ ಸಾಲಕ್ಕೆ ನೀವು ಜೀವ ಕೊಟ್ಟಂತಾಗುತ್ತದೆ. ಜಿಲ್ಲಾಧಿಕಾರಿ ಅಥವಾ ಪ್ರಾಂತಾಧಿಕಾರಿಗೆ (ಉಪವಿಭಾಗಾಧಿಕಾರಿ) ಲಿಖಿತವಾಗಿ ತಿಳಿಸಿ. ಬಿಡುಗಡೆ ಪತ್ರ ಕೊಡಬೇಕಾದವರು ಅವರೇ. ಅದು ಕೈಗೆ ಬಂದರೆ ಕೇಂದ್ರದ 2016ರ ಪುನರ್ವಸತಿ ಯೋಜನೆಯಡಿ ಒಂದರಿಂದ ಮೂರು ಲಕ್ಷ ರೂಪಾಯಿಯವರೆಗೆ ನೆರವಿದೆ.

ಇಷ್ಟಾದ ಮೇಲೆ ದತ್ತಿಯವರಿಗೆ ಬರೆಯಿರಿ: ಏನು ನೋಡಿದೆವು, ಏನು ಕಂಡಿತು, ಏನು ಬದಲಿಸಿದೆವು, ಎಲ್ಲಿಯವರೆಗೆ ನೋಡಲಾಗಲಿಲ್ಲ. ಒಂದೂವರೆ ಪುಟ ಸಾಕು. ಅಧ್ಯಕ್ಷರಿಗೆ ಅಷ್ಟು ಪುರುಸೊತ್ತಿಲ್ಲವೆಂದರೆ, ಸ್ವಚ್ಛತೆಯ ಟೆಂಡರಿನ ಲೆಕ್ಕವೊಂದನ್ನಾದರೂ ಮುಂದಿನ ಸಭೆಯ ಮೇಜಿನ ಮೇಲಿಡಿ.